ಕೆರೆ ಅಂಗಳ ಸರ್ಕಾರದ್ದೇ ಅಂದಮೇಲೆ ಮಾರಲು ಏನಡ್ಡಿ? (ಜೋಸೆಫ್ ಸ್ಯಾಕ್ಸ್ ವಾದದ ಬಗ್ಗೆ)

ತೂಬು: ಕರ್ನಾಟಕ ಭೂಕಂದಾಯ ಕಾಯ್ದೆ 1964ರ ಕಲಂ 67ರ ಪ್ರಕಾರ ಕೆರೆ, ಹಳ್ಳ, ನಾಲೆಗಳೆಲ್ಲ ಸರ್ಕಾರದ ಸ್ವತ್ತು. ಒಡೆಯನೇ ಮಾರಿದರೆ, ಗುತ್ತಿಗೆ ಕೊಟ್ಟರೆ ತಪ್ಪೇನು? ಅಮೆರಿಕದ ಕಾನೂನು ಪ್ರಾಧ್ಯಾಪಕ ಸ್ಯಾಕ್ಸ್ ಅವರ ‘ಸಾರ್ವಜನಿಕ ನ್ಯಾಸ’ದ ವಾದ (ಸರ್ಕಾರ ಇಂಥ ಸ್ವತ್ತಿನ ಒಡೆಯನಲ್ಲ, ಜನರ ಪರವಾಗಿ ಕಾಯುವ ಟ್ರಸ್ಟಿ ಎಂಬುದು) ಇಲ್ಲಿ ನಿಲ್ಲುತ್ತದೆಯೇ?

ಗ್ರಾಮನಕ್ಷೆ: ನಿಲ್ಲುತ್ತದೆ. ದೇವರ ಜಮೀನಿಗೆ ಧರ್ಮದರ್ಶಿ ಇದ್ದ ಹಾಗೆ ಕೆರೆಗೆ ಸರ್ಕಾರ. ಮಿಷಿಗನ್ ಲಾ ರಿವ್ಯೂನಲ್ಲಿ 1970ರಲ್ಲಿ ಬಂದ ಸ್ಯಾಕ್ಸ್ ಲೇಖನ ಮೂರು ಬಗೆಯ ನಿರ್ಬಂಧ ಎಣಿಸುತ್ತದೆ. ಸ್ವತ್ತು ಸಾರ್ವಜನಿಕ ಉದ್ದೇಶಕ್ಕೆ ಬಳಕೆಯಾದರೆ ಸಾಲದು, ಜನರಿಗೆ ತೆರೆದೂ ಇರಬೇಕು; ನ್ಯಾಯವಾದ ಬೆಲೆ ಬಂದರೂ ಮಾರುವಂತಿಲ್ಲ; ಅದಕ್ಕೆ ಸಲ್ಲುವ ಬಳಕೆಗೇ ಉಳಿಸಬೇಕು. ನಿಮ್ಮ ಪ್ರಶ್ನೆಗೆ ಎರಡನೆಯದೇ ಉತ್ತರ. ಇದನ್ನೇ ಎತ್ತಿಕೊಂಡು ಸುಪ್ರೀಂ ಕೋರ್ಟ್ ಮೆಹ್ತಾ–ಕಮಲ್‌ನಾಥ್ ಪ್ರಕರಣದಲ್ಲಿ ಹಿಮಾಚಲದ ಬಿಯಾಸ್ ನದಿ ದಂಡೆಯ ಅರಣ್ಯ ಜಮೀನನ್ನು ಮೋಟೆಲ್‌ಗೆ ಕೊಟ್ಟಿದ್ದ ಗುತ್ತಿಗೆ ರದ್ದು ಮಾಡಿತು. (ತೀರ್ಪು 1996ರ ಡಿಸೆಂಬರ್‌ನದು, ಉಲ್ಲೇಖಿಸುವಾಗ 1997 ಎಂದಿರುತ್ತದೆ. ಗೊಂದಲ ಬೇಡ.)

ಇದರ ಬೇರು ಷಿಕಾಗೋದಲ್ಲಿದೆ. ಇಲಿನಾಯ್ ಶಾಸನಸಭೆ 1869ರಲ್ಲಿ ಮಿಷಿಗನ್ ಸರೋವರದ ಸಾವಿರ ಎಕರೆಗೂ ಹೆಚ್ಚು ತಳವನ್ನು ರೈಲ್ವೆ ಕಂಪನಿಗೆ ಬರೆದುಕೊಟ್ಟು, 1873ರಲ್ಲಿ ಹಿಂದಕ್ಕೆ ಪಡೆಯಿತು. ಹಾಗೆ ಪಡೆದದ್ದು ಸರಿಯೆಂದು ಅಮೆರಿಕದ ಸುಪ್ರೀಂ ಕೋರ್ಟ್ 1892ರಲ್ಲಿ ಹೇಳಿತು.

ತೂಬು: ಕೆರೆ ಮಾರಾಟ, ಗುತ್ತಿಗೆ ಪ್ರಶ್ನಿಸಿ ಹಾಕುವ ಅರ್ಜಿಯಲ್ಲಿ ಇಷ್ಟು ಬರೆದರೆ ಸಾಕೇ?

ಬಿಖರಾಬು: ಸಾಲದು. ದಾಖಲೆ ಸೊರಗಿದ್ದರೆ ಯಾವ ತತ್ವವೂ ಕೈಹಿಡಿಯದು. ಗ್ರಾಮ ನಕ್ಷೆ, ಟಿಪ್ಪಣಿ (ಸರ್ವೆ ಅಳತೆಯ ಮೂಲ ಚಿತ್ರ), ಆಕಾರಬಂದ್ (ಸರ್ವೆ ನಂಬರುವಾರು ವಿಸ್ತೀರ್ಣ, ಕಂದಾಯದ ಪಟ್ಟಿ) ಮೊದಲು ತೆಗೆಸಿ. ಖರಾಬು ಅಂದರೆ ಕಂದಾಯ ಕಟ್ಟದೆ ಬಿಟ್ಟ ನೆಲ. ‘ಎ’ ಖರಾಬು ಅಂದರೆ ಸಾಗುವಳಿಗೆ ಬಾರದ ನೆಲ ಅಷ್ಟೇ. ಜನರ ಬಳಕೆಗೆ ಮೀಸಲಾದ ಹಳ್ಳ, ದಾರಿ, ಕೆರೆ ‘ಬಿ’ ಖರಾಬಿಗೆ ಸೇರುತ್ತವೆ. ಇವೆರಡನ್ನೂ ಕಲಸಿದರೆ ಎದುರು ವಕೀಲರಿಗೆ ಹಬ್ಬ.

ರಾಷ್ಟ್ರೀಯ ಹಸಿರು ನ್ಯಾಯಮಂಡಳಿಗೆ (ಪರಿಸರ ವ್ಯಾಜ್ಯಗಳ ನ್ಯಾಯಮಂಡಳಿ) ಅದರ ಕಾಯ್ದೆಯ ಕಲಂ 14ರಡಿ ಹೋಗುವುದಾದರೆ ವ್ಯಾಜ್ಯಕಾರಣ ಮೊದಲು ಹುಟ್ಟಿದ ದಿನದಿಂದ 6 ತಿಂಗಳೊಳಗೆ ಹೋಗಬೇಕು; ತಡಕ್ಕೆ ತಕ್ಕ ಕಾರಣವಿದ್ದರೆ ಇನ್ನು 60 ದಿನ. ಬರೀ ಹಕ್ಕಿನ ತಕರಾರು ಅಲ್ಲಿ ನಡೆಯದು. ಆ ಕಾಯ್ದೆಯ ಅನುಸೂಚಿಯಲ್ಲಿರುವ 7 ಕಾಯ್ದೆಗಳಲ್ಲಿ ಒಂದಕ್ಕೆ, ಉದಾಹರಣೆಗೆ ಜಲ ಕಾಯ್ದೆಗೆ, ಗಂಟು ಹಾಕಬೇಕು. ಭೂಕಂದಾಯ ಕಾಯ್ದೆ ಆ ಪಟ್ಟಿಯಲ್ಲಿಲ್ಲ. ಮಂಜೂರಾತಿಯನ್ನೇ ಪ್ರಶ್ನಿಸುವುದಾದರೆ ಹೈಕೋರ್ಟಿನಲ್ಲಿ ರಿಟ್ ಹಾಕಿ.

ಏರಿ: ಅಡಿಪಾಯ ಬೀಳುವ ಮುನ್ನವೇ ಮಧ್ಯಂತರ ತಡೆ ಕೇಳಿ. ತಿರುಪತಿಯ ಅವಿಲಾಲ ಕೆರೆಯ ವಿಷಯದಲ್ಲಿ ಸುಪ್ರೀಂ ಕೋರ್ಟ್ 2006ರಲ್ಲಿ ನ್ಯಾಸ ತತ್ವ ಒಪ್ಪಿಯೂ ಎದ್ದುನಿಂತ ಮನೆಗಳನ್ನು ಕೆಡವಿಸಲಿಲ್ಲ; ಮುಂದೆ ಕಟ್ಟಬಾರದು, ಇರುವವು ಚಾವಣಿ ಮಳೆನೀರು ಕೊಯ್ಲು ಮಾಡಬೇಕು ಎಂದಿತು.

ಕೆರೆಯಿಂದ ಇಷ್ಟು ಮೀಟರ್ ಬಿಟ್ಟು ಕಟ್ಟಬೇಕು ಎಂಬ ಲೆಕ್ಕವನ್ನೂ ಈ ತತ್ವದಿಂದ ಎಳೆಯಬೇಡಿ. ಬೆಂಗಳೂರಿನ ಕೆರೆಗಳಿಗೆ ಹಸಿರು ನ್ಯಾಯಮಂಡಳಿ 2016ರಲ್ಲಿ ಹಾಕಿದ 75 ಮೀಟರ್ ಮೀಸಲು ಪ್ರದೇಶ (ಬಫರ್) 2019ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಬಿದ್ದುಹೋಯಿತು. ಮಾಸ್ಟರ್ ಪ್ಲಾನ್‌ನಲ್ಲಿರುವ ಅಂತರವನ್ನು ತಿದ್ದುವ ಅಧಿಕಾರ ನ್ಯಾಯಮಂಡಳಿಗಿಲ್ಲ.