ಅಪ್ಪನಿಗೆ ಕನ್ನಡದಲ್ಲಿ ವ್ಯಾಯಾಮದ ವಿಡಿಯೋ ಬೇಕು, ಗೊತ್ತಿದ್ರೆ ಹೇಳಿ

ಎಲ್ಲರಿಗೂ ನಮಸ್ಕಾರ. ನಮ್ಮದು ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಹತ್ರ, ಅಪ್ಪನಿಗೆ ಈಗ 68, ಕನ್ನಡ ಮೀಡಿಯಂ ಶಾಲೆಯಲ್ಲಿ ಮಾಷ್ಟ್ರಾಗಿದ್ದವರು. ರಿಟೈರ್ ಆದ್ಮೇಲೂ ದಿನಾ ತೋಟಕ್ಕೆ ಇಳಿಯುದು, ಹತ್ತುದು ಮಾಡ್ತಿದ್ರು, ಹೋದ ಮಳೆಗಾಲದಲ್ಲಿ ಪಾಚಿ ಹಿಡಿದ ಮೆಟ್ಟಿಲಲ್ಲಿ ಜಾರಿ ಬಿದ್ದದ್ದೇ ಬಿದ್ದದ್ದು, ಮೂಳೆಗೇನೂ ಆಗಿಲ್ಲ ಆದ್ರೆ ಧೈರ್ಯ ಹೋಗಿದೆ, ಈಗ ಚಾವಡಿ ಬಿಟ್ಟು ಏಳುದಿಲ್ಲ, ನೋಡುವಾಗ ಹೊಟ್ಟೆ ಉರೀತದೆ.

65 ದಾಟಿದವರು ವಾರಕ್ಕೆ 150 ನಿಮಿಷ ಆದ್ರೂ ನಡೆಯುವಂಥ ಚಟುವಟಿಕೆ ಮಾಡ್ಬೇಕು, ಜೊತೆಗೆ ವಾರದಲ್ಲಿ 3 ದಿನ ಬ್ಯಾಲೆನ್ಸ್ ವ್ಯಾಯಾಮ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳ್ತದೆ. ನನಗೆ ಮುಖ್ಯವಾಗಿ ಬೇಕಾದ್ದು ಆ ಬ್ಯಾಲೆನ್ಸಿನದ್ದೇ, ಕುರ್ಚಿ ಹಿಡ್ಕೊಂಡು ಒಂದು ಕಾಲಲ್ಲಿ ನಿಲ್ಲುದು, ಕೈ ಊರದೆ ಕುರ್ಚಿಯಿಂದ ಏಳುದು, ಅಂಥದ್ದು. ಯೂಟ್ಯೂಬಲ್ಲಿ ನನಗೆ ಸಿಕ್ಕಿದ್ದೆಲ್ಲ ಇಂಗ್ಲಿಷ್, ಇಲ್ದಿದ್ರೆ ಮಲಯಾಳ. ಅಪ್ಪನಿಗೆ ಮಲಯಾಳ ಅರ್ಥ ಆಗ್ತದೆ, ಆದ್ರೆ ಕನ್ನಡದಲ್ಲಿ ಹೇಳಿದ್ರೆ ಮಾತ್ರ ಮನಸ್ಸಿಟ್ಟು ಮಾಡ್ತಾರೆ.

ಫಿಸಿಯೋಥೆರಪಿಸ್ಟ್ ಯಾರಾದ್ರೂ ಕನ್ನಡದಲ್ಲಿ ನಿಧಾನಕ್ಕೆ ಹೇಳಿಕೊಡುವ ಚಾನೆಲ್ ಉಂಟಾ? ಆನ್‌ಲೈನ್ ಯೋಗ ಕ್ಲಾಸ್ ಆದ್ರೂ ಅಡ್ಡಿಲ್ಲ, ಬೆಳಿಗ್ಗೆ 7ರ ನಂತರ ಇರ್ಲಿ, ನಮ್ಮಲ್ಲಿ ಅದಕ್ಕೆ ಮೊದಲು ನೆಟ್‌ವರ್ಕ್ ಸರಿ ಇರುದಿಲ್ಲ. ನಿಮ್ಮ ಮನೆಯ ಹಿರಿಯರು ಮಾಡಿ ನೋಡಿದ್ದಾದ್ರೆ ದಯವಿಟ್ಟು ಅದನ್ನೇ ಮೊದಲು ಹೇಳಿ.