ಲೇಸ್ ಇಲ್ಲದ ಫಾರ್ಮಲ್ ಶೂ: 8 ಹಾಕಿದರೆ ಬೆರಳಿಗೆ ಬಿಗಿ, 9 ಹಾಕಿದರೆ ಹಿಮ್ಮಡಿಗೆ ಸಡಿಲ

ಪ್ರಶ್ನೆ (ಹುಬ್ಬಳ್ಳಿಯಿಂದ)

ಎಲ್ಲರಿಗೂ ನಮಸ್ಕಾರ. ನಾನು ಸಹಕಾರಿ ಬ್ಯಾಂಕೊಂದರ ಸಾಲ ವಿಭಾಗದಲ್ಲಿ ಕೆಲಸ ಮಾಡುತ್ತೇನೆ. ದಿನಕ್ಕೆ ಏಳೆಂಟು ಮನೆಗಳಿಗೆ ಹೋಗಿ ಕಾಗದಪತ್ರ ಪರಿಶೀಲಿಸಬೇಕಾಗುತ್ತದೆ. ಪ್ರತಿ ಮನೆಯಲ್ಲೂ ಶೂ ಹೊರಗೆ ಬಿಟ್ಟು ಒಳಗೆ ಹೋಗಬೇಕು, ಹೊರಡುವಾಗ ಮತ್ತೆ ಮೆಟ್ಟಿಕೊಳ್ಳಬೇಕು. ಮನೆಯ ಹಿರಿಯರು ಬೀಳ್ಕೊಡಲು ಬಾಗಿಲಲ್ಲಿ ನಿಂತಿರುವಾಗ ಅವರಿಗೆ ಬೆನ್ನು ಮಾಡಿ ಕುಳಿತು ಲೇಸ್ ಕಟ್ಟುವುದು ಮುಜುಗರವೆನಿಸಿ, ಲೇಸ್ ಇಲ್ಲದ ಶೂಗಳನ್ನು ಕೊಳ್ಳಲು ಆರಂಭಿಸಿದೆ.

ಮೊದಲು ಕೊಂಡ 8ನೇ ನಂಬರಿನ ಜೋಡಿಯಲ್ಲಿ ಉದ್ದ ಸರಿಯಾಗಿತ್ತು, ಆದರೆ ಒಂದು ಗಂಟೆ ಕಳೆಯುವಷ್ಟರಲ್ಲಿ ಕಿರುಬೆರಳಿನ ಬುಡ ಉರಿಯತೊಡಗುತ್ತಿತ್ತು. ಹತ್ತು ದಿನ ಹಾಕಿದರೆ ತಾನಾಗಿ ಸಡಿಲವಾಗುತ್ತದೆಂದು ಅಂಗಡಿಯವರು ಹೇಳಿದ್ದರು. ಮೂರು ವಾರವಾದರೂ ಕೂದಲೆಳೆಯಷ್ಟೂ ಸಡಿಲವಾಗಲಿಲ್ಲ. ಆಮೇಲೆ 9ನೇ ನಂಬರು ಕೊಂಡೆ. ಬೆರಳುಗಳಿಗೆ ಜಾಗ ಸಿಕ್ಕಿತು, ಆದರೆ ಮೆಟ್ಟಿಲಿಳಿಯುವಾಗ ಹಿಮ್ಮಡಿ ಹೊರಗೆ ಬಂದು, ಎರಡೇ ದಿನದಲ್ಲಿ ಎರಡೂ ಕಾಲಿನ ಹಿಂಭಾಗದಲ್ಲಿ ಗುಳ್ಳೆ ಎದ್ದಿತು. ಹಿಮ್ಮಡಿಯ ಒಳಗೆ ಸ್ಪಂಜಿನ ಪಟ್ಟಿ ಅಂಟಿಸಿದ ಮೇಲೆ ಮತ್ತೆ ಬೆರಳು ಒತ್ತುತ್ತಿದೆ. ಪಿಯುಸಿ ಮುಗಿಯುವವರೆಗೆ ಚಪ್ಪಲಿಯಲ್ಲೇ ಓಡಾಡಿದ ಕಾಲು ನನ್ನದು, ಮುಂಭಾಗ ಅಗಲವಾಗಿದೆ. ಇಂಥ ಕಾಲಿಗೆ ಲೇಸ್ ಇಲ್ಲದ ಶೂ ಹೊಂದುವುದೇ ಇಲ್ಲವೇ?

ಉತ್ತರ (ಮೈಸೂರಿನಿಂದ, ಹಿಂದೆ ಶೂ ಅಂಗಡಿ ನಡೆಸುತ್ತಿದ್ದವರು)

ಖಂಡಿತ ಹೊಂದುತ್ತದೆ, ಆದರೆ ನಿಮ್ಮ ತೊಂದರೆ ಇರುವುದು ಅಗಲದಲ್ಲಿ. ನೀವು ಅದಕ್ಕೆ ಉದ್ದದಲ್ಲಿ ಪರಿಹಾರ ಹುಡುಕಿದ್ದೀರಿ. ನಮ್ಮಲ್ಲಿ ಸಾಮಾನ್ಯವಾಗಿ ಬಳಸುವ ಬ್ರಿಟಿಷ್ ಅಳತೆಯಲ್ಲಿ ಒಂದು ನಂಬರ್ ಹೆಚ್ಚಾದರೆ ಉದ್ದ ಅಂಗುಲದ ಮೂರನೇ ಒಂದು ಭಾಗದಷ್ಟು, ಅಂದರೆ ಸುಮಾರು 8.5 ಮಿಲಿಮೀಟರ್ ಹೆಚ್ಚುತ್ತದೆ. ಅದರ ಜೊತೆಗೆ ಬೆರಳುಗಳ ಬುಡದ ಸುತ್ತಳತೆ ಸುಮಾರು 6 ಮಿಲಿಮೀಟರ್ ಹೆಚ್ಚುತ್ತದೆ. ನಿಮಗೆ ಬೇಕಾಗಿದ್ದುದು ಆ 6 ಮಿಲಿಮೀಟರ್ ಮಾತ್ರ. ಬೇಡದ 8.5 ಮಿಲಿಮೀಟರ್ ಹಿಮ್ಮಡಿಯ ಹಿಂದೆ ಖಾಲಿ ಜಾಗವಾಗಿ ಉಳಿಯಿತು.

ಲೇಸ್ ಇರುವ ಶೂವಿನಲ್ಲಿ ಸ್ವಲ್ಪ ಹೆಚ್ಚುಕಡಿಮೆಯಾದರೂ ದಾರ ಎಳೆದು ಸರಿಪಡಿಸಿಕೊಳ್ಳಬಹುದು. ಲೇಸ್ ಇಲ್ಲದ್ದರಲ್ಲಿ ಕಾಲನ್ನು ಹಿಡಿದಿಡುವುದು ಪಾದದ ಹುಬ್ಬಿನ ಮೇಲೆ ಕೂರುವ ಚರ್ಮ ಮತ್ತು ಹಿಮ್ಮಡಿಯ ಗಟ್ಟಿ ಭಾಗ, ಇವೆರಡೇ. ಆದ್ದರಿಂದ ಅಂಗಡಿಯಲ್ಲಿ ಎಲ್ಲರೂ ಹೆಬ್ಬೆರಳಿನ ತುದಿಯನ್ನು ಒತ್ತಿ ನೋಡುವಾಗ ನೀವು ಹುಬ್ಬಿನ ಮೇಲೆ ಗಮನವಿಡಿ. ಅಲ್ಲಿ ಚರ್ಮ ಕೈಕುಲುಕಿದಂತೆ ಹಿಡಿದಿರಬೇಕು. ಒಂದು ಬೆರಳು ಸಲೀಸಾಗಿ ಒಳಗೆ ತೂರುವಂತಿದ್ದರೆ ಆ ಜೋಡಿಯನ್ನು ಬಿಟ್ಟುಬಿಡಿ. ಬಾಯಿ ಅಗಲವಾಗಿ, ಹುಬ್ಬಿನ ಕೆಳಗೇ ಮುಗಿದುಹೋಗುವ ಶೂಗಳು ನೋಡಲು ಚೆಂದ, ಆದರೆ ನಿಮ್ಮ ಕೆಲಸಕ್ಕೆ ಅವು ಆಗುವುದಿಲ್ಲ. ಚರ್ಮ ಸ್ವಲ್ಪ ಮೇಲಕ್ಕೆ ಬಂದು, ಎರಡೂ ಬದಿಯಲ್ಲಿ ಇಲಾಸ್ಟಿಕ್ ಪಟ್ಟಿ ಇರುವ ಮಾದರಿಯನ್ನು ಕೇಳಿ.

ತಾನಾಗಿ ಸಡಿಲವಾಗುತ್ತದೆಂಬ ಮಾತು ಅಪ್ಪಟ ಚರ್ಮಕ್ಕೆ ಮಾತ್ರ ಅನ್ವಯಿಸುತ್ತದೆ. ಅದೂ ಅಗಲದಲ್ಲಿ ಒಂದಿಷ್ಟು. ಉದ್ದದಲ್ಲಿ ಯಾವ ಚರ್ಮವೂ ಬೆಳೆಯುವುದಿಲ್ಲ. ರೆಕ್ಸಿನ್ ಆಗಿದ್ದರೆ ನಿಮ್ಮ ಕಾಲೇ ಅದಕ್ಕೆ ಹೊಂದಿಕೊಳ್ಳಬೇಕಾದೀತು. ಅಂಗಡಿಯವನಾಗಿ ನಾನೂ ಆ ಮಾತನ್ನು ಹಲವರಿಗೆ ಹೇಳಿದ್ದೇನೆ, ಈಗ ಒಪ್ಪಿಕೊಳ್ಳುತ್ತೇನೆ.

ಈಗಿರುವ 9ನೇ ನಂಬರನ್ನು ಎಸೆಯಬೇಡಿ. ಹಿಮ್ಮಡಿಯ ಪಟ್ಟಿಯನ್ನು ಕಿತ್ತುಹಾಕಿ, ಏಕೆಂದರೆ ಅದು ಕಾಲನ್ನು ಮುಂದಕ್ಕೆ ತಳ್ಳುತ್ತದೆ. ಅದರ ಬದಲು ಶೂ ರಿಪೇರಿಯವರ ಬಳಿ, ಹುಬ್ಬಿನ ಮೇಲೆ ಬರುವ ಚರ್ಮದ ಒಳಮೈಗೆ ತೆಳುವಾದ ಮೆತ್ತನೆಯ ಚರ್ಮದ ತುಂಡೊಂದನ್ನು ಅಂಟಿಸಿಕೊಳ್ಳಿ. ಅದು ಕಾಲನ್ನು ಹಿಂದಕ್ಕೆ, ಹಿಮ್ಮಡಿಯ ಕಡೆಗೆ ಒತ್ತಿ ಹಿಡಿಯುತ್ತದೆ.

ಉತ್ತರ (ಬೆಂಗಳೂರಿನಿಂದ)

ಮೇಲಿನವರ ಮಾತನ್ನು ಬಹುಮಟ್ಟಿಗೆ ಒಪ್ಪುತ್ತೇನೆ. ಅಗಲದ ತೊಂದರೆ ನಿಮ್ಮೊಬ್ಬರದೇ ಅಲ್ಲ. ಚೆನ್ನೈನ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆಯು 2021ರ ಡಿಸೆಂಬರ್‌ನಿಂದ 2022ರ ಮಾರ್ಚ್‌ವರೆಗೆ ದೇಶದ 79 ಸ್ಥಳಗಳಲ್ಲಿ 1 ಲಕ್ಷಕ್ಕೂ ಹೆಚ್ಚು ಜನರ ಪಾದಗಳನ್ನು ಅಳೆದಿತ್ತು. ಭಾರತೀಯರ ಪಾದಗಳು ಯುರೋಪ್ ಮತ್ತು ಅಮೆರಿಕದವರ ಪಾದಗಳಿಗಿಂತ ಸಾಮಾನ್ಯವಾಗಿ ಅಗಲವಾಗಿವೆ ಎಂಬುದು ಅದರಿಂದ ತಿಳಿದುಬಂತು. ‘ಭಾ’ ಎಂಬ ಹೊಸ ಭಾರತೀಯ ಅಳತೆಯ ಪ್ರಸ್ತಾಪಕ್ಕೂ ಅದೇ ಆಧಾರ.

ಆದರೆ ಇಲಾಸ್ಟಿಕ್ ವಿಷಯದಲ್ಲಿ ನನ್ನದೊಂದು ತಕರಾರಿದೆ. ದಿನಕ್ಕೆ ಹದಿನೈದು ಬಾರಿ ಎಳೆಸಿಕೊಂಡ ಇಲಾಸ್ಟಿಕ್ ಬೇಗ ಜೋತುಬೀಳುತ್ತದೆ. ನಾನು ಪಕ್ಕದಲ್ಲಿ ಬಕಲ್ ಇರುವ ಶೂ ಬಳಸುತ್ತೇನೆ. ಬಕಲಿನ ಬುಡದಲ್ಲಿ ಇಲಾಸ್ಟಿಕ್ ಇರುವುದರಿಂದ ಒಮ್ಮೆ ಸರಿಯಾದ ತೂತಿಗೆ ಹಾಕಿದರೆ ಮತ್ತೆ ಬಿಚ್ಚಬೇಕಾಗಿಲ್ಲ, ಪಟ್ಟಿ ಸಡಿಲವಾದರೆ ಮುಂದಿನ ತೂತು ಇದ್ದೇ ಇದೆ. ಜೊತೆಗೆ ಬ್ಯಾಗಿನಲ್ಲೊಂದು ಸಣ್ಣ ಶೂ ಹಾರ್ನ್ ಇಟ್ಟುಕೊಳ್ಳಿ. ಹಿಂಭಾಗವನ್ನು ತುಳಿದು ಕಾಲು ತೂರಿಸುವ ಅಭ್ಯಾಸವಿದ್ದರೆ ಹಿಮ್ಮಡಿಯ ಗಟ್ಟಿ ಭಾಗ ಮಡಚಿಹೋಗುತ್ತದೆ, ಆಮೇಲೆ ಎಷ್ಟು ಬೆಲೆಯ ಶೂ ಆದರೂ ಜಾರುತ್ತದೆ.

ಉತ್ತರ (ಶಿವಮೊಗ್ಗದಿಂದ, ಫಿಸಿಯೋಥೆರಪಿಸ್ಟ್)

ಒಂದೇ ಮಾತು ಸೇರಿಸುತ್ತೇನೆ. ನಿಮಗೆ ಮಧುಮೇಹವಿದ್ದರೆ ಅಥವಾ ಪಾದದಲ್ಲಿ ಜೋಮು ಇದ್ದರೆ, ಬಿಗಿಯಾದ ಶೂವನ್ನು ಹಾಕಿ ಹಾಕಿ ಪಳಗಿಸುವ ಪ್ರಯೋಗವನ್ನು ಮಾಡಲೇಬೇಡಿ, ಏಕೆಂದರೆ ಗುಳ್ಳೆ ಎದ್ದು ಒಡೆದು ಹುಣ್ಣಾದರೂ ನಿಮಗೆ ಗೊತ್ತಾಗದಿರಬಹುದು. ಅಂಥವರು ಮೊದಲು ವೈದ್ಯರಿಗೆ ಪಾದ ತೋರಿಸಿ, ಆನಂತರ ಶೂ ಆರಿಸಬೇಕು.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದಗಳು. ಮಧುಮೇಹವಿಲ್ಲ, ಮೇಡಂ. ನಿನ್ನೆ ಸಂಜೆ ಕೆಲಸ ಮುಗಿಸಿ ಬಂದು, ಗೋಡೆಗೆ ಹಿಮ್ಮಡಿ ತಾಗಿಸಿ ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಎರಡೂ ಪಾದಗಳ ಗೆರೆ ಎಳೆದು ಅಳೆದೆ. ಎಡಗಾಲು 260 ಮಿಲಿಮೀಟರ್, ಬಲಗಾಲು 264. ಇಷ್ಟು ವರ್ಷ ಅಂಗಡಿಗಳಲ್ಲಿ ನಾನು ಎಡಗಾಲಿಗಷ್ಟೇ ಹಾಕಿ ನೋಡುತ್ತಿದ್ದೆ! ಇಂದು ರಿಪೇರಿಯವರು ಎರಡೂ ಶೂಗಳ ಒಳಗೆ ಕುರಿಚರ್ಮದ ತುಂಡು ಅಂಟಿಸಿಕೊಟ್ಟರು. ಬ್ಯಾಂಕಿನ ಮೆಟ್ಟಿಲನ್ನು ಮೂರು ಬಾರಿ ಹತ್ತಿಳಿದೆ. ಬಲಗಾಲು ಜಾರಲಿಲ್ಲ, ಎಡಗಾಲು ಸ್ವಲ್ಪ ಜಾರಿತು. ಆದರೆ ನಡೆಯುವಾಗ ಚರ್ಮದ ಮಡಿಕೆ ಬೆರಳಿನ ಗೆಣ್ಣಿಗಿಂತ ಮುಂದೆ ಬೀಳುತ್ತಿದೆ. ಇದು ಸರಿಯೇ?

ಉತ್ತರ (ಮೈಸೂರಿನಿಂದ)

ಸರಿಯಲ್ಲ, ಆ ಶೂ ನಿಮಗೆ ಉದ್ದವೆಂಬುದಕ್ಕೆ ಅದೇ ಗುರುತು. ಹೆಬ್ಬೆರಳಿನ ಬುಡದ ಗೆಣ್ಣು ಶೂವಿನ ಅತಿ ಅಗಲವಾದ ಜಾಗಕ್ಕೆ ನೇರವಾಗಿ ಬರಬೇಕು, ಮಡಿಕೆಯೂ ಅಲ್ಲೇ ಬೀಳಬೇಕು. ಇದನ್ನು ಸದ್ಯಕ್ಕೆ ಬಳಸಿ, ಎಡಗಾಲಿಗೆ ಇನ್ನೊಂದು ಪದರ ಅಂಟಿಸಿ. ಮುಂದಿನ ಜೋಡಿಯನ್ನು 8ರಲ್ಲೇ, ಅಗಲ ಹೆಚ್ಚಿರುವ ಫಿಟಿಂಗ್ ಕೇಳಿ ತೆಗೆದುಕೊಳ್ಳಿ. ಸಿಗದಿದ್ದರೆ ಅಪ್ಪಟ ಚರ್ಮದ 8ನ್ನು ಕೊಂಡು, ಕಿರುಬೆರಳಿನ ಜಾಗಕ್ಕೆ ಗುರುತು ಹಾಕಿ ರಿಪೇರಿಯವರ ಮರದ ಅಚ್ಚಿನಲ್ಲಿ ಒಂದೆರಡು ದಿನ ಬಿಟ್ಟು ಹಿಗ್ಗಿಸಿಕೊಳ್ಳಿ. ಹೊಸ ಶೂವಿನ ಅಡಿ ಬಾಗುವವರೆಗೆ ಹಿಮ್ಮಡಿ ಒಂದಿಷ್ಟು ಎದ್ದರೆ ಗಾಬರಿಯಾಗಬೇಡಿ. ಕೊಳ್ಳಲು ಹೋಗುವಾಗ ಸಂಜೆಯೇ ಹೋಗಿ, ಕೆಲಸಕ್ಕೆ ಹಾಕುವ ಕಾಲುಚೀಲವನ್ನೇ ಹಾಕಿಕೊಂಡಿರಿ, ಮೊದಲು ಬಲಗಾಲಿಗೆ ಹಾಕಿ ನೋಡಿ.