ಹೊಯ್ಸಳ ಗುಡಿಯ ಮೂರು ಆಯಾಮದ ಮಾದರಿ: ಆನೆಸಾಲು ಮಸುಕಾಗುತ್ತಿರುವುದೇಕೆ?

ಪ್ರಶ್ನೆ: ನಮ್ಮೂರಿನ ಬಳಪದ ಕಲ್ಲಿನ ಹೊಯ್ಸಳ ಗುಡಿಯನ್ನು ಅನುಮತಿ ಪಡೆದು ಡ್ರೋನ್‌ನಿಂದ ಚಿತ್ರೀಕರಿಸಿ, ಫೋಟೋಗ್ರಾಮೆಟ್ರಿಯ (ಹಲವು ಚಿತ್ರಗಳಿಂದ ಮೂರು ಆಯಾಮದ ರೂಪ ಕಟ್ಟುವ ವಿಧಾನದ) ಮೂಲಕ ಮಾದರಿ ಸಿದ್ಧಪಡಿಸಿದೆವು. ಶಿಖರ ಸ್ಪಷ್ಟವಾಗಿದ್ದರೂ ಗೋಡೆಯ ಆನೆಸಾಲು ಕರಗಿದ ಮೇಣದಂತೆ ಕಾಣುತ್ತಿದೆ. ತಪ್ಪೆಲ್ಲಿ?

ಉತ್ತರ 1: ಮೇಲಿನಿಂದ ನೋಡುವ ಡ್ರೋನ್‌ಗೆ ಮುಂಚಾಚಿದ ಸೂರು ಗೋಡೆಯನ್ನು ಮರೆಮಾಡುತ್ತದೆ, ಒಂದೇ ಬಿಂದು ಬೇರೆ ಬೇರೆ ಕೋನಗಳಿಂದ ತೆಗೆದ ಹಲವು ಚಿತ್ರಗಳಲ್ಲಿ ಕಾಣಿಸದ ಹೊರತು ತಂತ್ರಾಂಶವು ಅದರ ಸ್ಥಾನವನ್ನು ಸರಿಯಾಗಿ ಲೆಕ್ಕಹಾಕಲಾರದು. ಜಗತಿಯ (ಗುಡಿ ನಿಂತಿರುವ ಎತ್ತರದ ಕಟ್ಟೆಯ) ಮೇಲೆ ನಿಂತು, ಒಂದು ಚಿತ್ರದ ಶೇ. 70ರಿಂದ 80ರಷ್ಟು ಭಾಗ ಮುಂದಿನ ಚಿತ್ರದಲ್ಲೂ ಕಾಣುವಂತೆ, ಕೈ ಕ್ಯಾಮೆರಾದಿಂದ ಚಿತ್ರಗಳನ್ನು ತೆಗೆದು ಸೇರಿಸಿರಿ.

ಉತ್ತರ 2: ನುಣುಪಾದ ಬಳಪದ ಕಲ್ಲು ಬಿಸಿಲಿಗೆ ಮಿನುಗುವುದರಿಂದ ಮೋಡ ಕವಿದ ದಿನವೇ ಮೇಲು. ಗೋಡೆಯ ಬುಡದಲ್ಲಿ ಅಳತೆಪಟ್ಟಿಯೊಂದನ್ನು ಇಡಲು ಮರೆಯದಿರಿ, ಇಲ್ಲವಾದರೆ ಮಾದರಿ ಅಂದವಾಗಿದ್ದರೂ ಅದರ ಅಳತೆಯನ್ನು ನಂಬಲಾಗದು.

ಪ್ರಶ್ನೆ ಕೇಳಿದವರು: ಅಳತೆಪಟ್ಟಿ ಇಟ್ಟಿರಲಿಲ್ಲ. ಮೋಡದ ದಿನ ನೋಡಿ ಮತ್ತೆ ಹೋಗುತ್ತೇವೆ.